ಗುಬ್ಬಿಗೆ ಹೋಗಿ ಬಂದರೂ ಸಾಲದು
ಬೆಂಗಳೂರಿನಿಂದ ಗುಬ್ಬಿಗೆ ಸೈಕಲ್ಲಿನಲ್ಲಿ ಹೋಗಿ ಬಂದರೆ ಹತ್ತಿರಹತ್ತಿರ 180 ಕಿ.ಮೀ. ಮನೆಮಂದಿ ದೃಷ್ಟಿ ತೆಗೆಯಬಹುದು, ಗಡುವಿನೊಳಗೆ ದೂರದ ಹಾದಿ ಮುಗಿಸುವ ‘ಬ್ರೆವೆ’ ಸವಾರರು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರ ಮೊದಲ ಮೆಟ್ಟಿಲೇ 200 ಕಿ.ಮೀ., ಗಡುವು ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ. ಬೆಂಗಾವಲು ವಾಹನವಿಲ್ಲ. ಪಂಕ್ಚರ್ ಆದರೆ ಟ್ಯೂಬ್ ತಾನೇ ಬದಲಿಸಬೇಕು, ಹಸಿದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೇ ಗತಿ (ಕೆಟ್ಟ ಗತಿಯೇನಲ್ಲ ಬಿಡಿ). ಇಂಥ ದೂರದಲ್ಲಿ ಕಾಲಿಗಿಂತ ಮೊದಲು ಕೈಕೊಡುವುದು ಕೈಯೇ: ಹ್ಯಾಂಡಲ್ ಮೇಲಿನ ಭಾರಕ್ಕೆ ಅಂಗೈಯ ನರ ಒತ್ತಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ, ಊರಿಗೆ ಮರಳಿದ ಮೇಲೂ ಕೆಲವರಿಗೆ ಅಂಗಿಯ ಗುಂಡಿ ಹಾಕಲಾಗದು. ಎರಡನೇ ರಾತ್ರಿ ನಿದ್ದೆಗೆಟ್ಟ ಮನಸ್ಸು ಆಟ ಶುರುಮಾಡುತ್ತದೆ, ಮೈಲಿಗಲ್ಲು ಕೂತ ಮನುಷ್ಯನಂತೆ ಕಾಣುತ್ತದೆ. ಇದಕ್ಕಿಂತಲೂ ದೂರ ಹೋದವರಿದ್ದಾರೆ: 2017ರಲ್ಲಿ ಸೇನಾ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಅಮೆರಿಕವನ್ನು ಅಡ್ಡ ಹಾಯುವ ಸುಮಾರು 4,800 ಕಿ.ಮೀ.ಗಳ ‘ರೇಸ್ ಅಕ್ರಾಸ್ ಅಮೆರಿಕ’ವನ್ನು 12 ದಿನದೊಳಗೆ ಒಬ್ಬರೇ ಮುಗಿಸಿ, ಆ ಸಾಧನೆ ಮಾಡಿದ ಮೊದಲ ಭಾರತೀಯರಾದರು. ಅವರ ಹಿಂದೆ ನೆರವಿನ ತಂಡವಿತ್ತು. ಸಾಮಾನೆಲ್ಲ ಸೈಕಲ್ಲಿಗೇ ಕಟ್ಟಿಕೊಂಡು ಹೊರಡುವ ಬೈಕ್‌ಪ್ಯಾಕಿಂಗ್ ರೇಸಿನಲ್ಲಿ ಅದೂ ಇಲ್ಲ. ತುಮಕೂರು, ಕುಣಿಗಲ್ ಹೆದ್ದಾರಿಗಳಲ್ಲಿ ನಡುರಾತ್ರಿ ಒಂಟಿ ಸೈಕಲ್ಲಿನ ಕೆಂಪು ದೀಪ ಮಿನುಗಿದರೆ, ಚಾಲಕರೇ, ಬೆನ್ನಿಗೇ ಹಾರನ್ ಬಾರಿಸಬೇಡಿ, ತುಸು ಜಾಗ ಬಿಟ್ಟು ಮುಂದೆ ಹೋಗಿ.