ಗುಡ್ಡದ ಓಟ: ಹತ್ತುವ ಮುನ್ನ ಇಳಿಯುವುದನ್ನು ಕಲಿಯಿರಿ

ಕಳೆದ ವರ್ಷ ಒಂದು ಮುಂಜಾನೆ ಫಜ್ರ್ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ನಮ್ಮ ಓಣಿಯ ಹುಡುಗನೊಬ್ಬ ಕೈಹಿಡಿದು ನಿಲ್ಲಿಸಿದ. “ಚಾಚಾ, ಸಾತಾರಾದ ಓಟಕ್ಕ ಹೆಸರು ಹಚ್ಚೀನಿ. ಇಪ್ಪತ್ತೊಂದು ಕಿಲೋಮೀಟರ್. ಗುಡ್ಡ ಹತ್ತಿ ಇಳಿಯೂದು” ಅಂದ. ಅಭ್ಯಾಸ ಹೇಗೆ ನಡೆದಿದೆ ಎಂದು ಕೇಳಿದೆ. “ಇನ್ನ ಇಪ್ಪತ್ತು ದಿನ ಐತ್ರೀ. ಪೊಲೀಸ್ ಭರ್ತಿಗೆ ಓಡಿದ ಕಾಲು ಅದಾವಲ್ಲ, ಸಾಕು” ಎಂದು ನಕ್ಕ. ಹೆಸರು ನೋಂದಾಯಿಸಿ ನಾಲ್ಕು ತಿಂಗಳಾಗಿತ್ತು. ಅಭ್ಯಾಸ ಇನ್ನೂ ಶುರುವಾಗಿರಲಿಲ್ಲ.

ಹುಡುಗ ಓಡಿದ, ಮುಗಿಸಿದ, ಪದಕ ಹಾಕಿಕೊಂಡು ಬಂದ. ಆದರೆ ಮುಂದಿನ ಐದು ದಿನ ಮನೆಯ ಮೆಟ್ಟಿಲು ಇಳಿಯಲು ಅಣ್ಣನ ಹೆಗಲು ಹಿಡಿಯಬೇಕಾಯಿತು. ಎರಡೂ ಹೆಬ್ಬೆರಳ ಉಗುರು ಕಪ್ಪಾಗಿದ್ದವು. ಓಟಕ್ಕೆ ಮುಂಚೆ ಎರಡು ನೋವಿನ ಮಾತ್ರೆ ನುಂಗಿದ್ದ ಎಂಬುದು ಆಮೇಲೆ ಗೊತ್ತಾಯಿತು. “ರೊಕ್ಕಾ ಕೊಟ್ಟು ಕಾಲು ಕೆಡಿಸ್ಕೊಂಡು ಬಂದಾನ” ಎಂದು ತಾಯಿ ಗೊಣಗಿದರು. ನನ್ನ ಪ್ರಕಾರ ಅವನು ಅಷ್ಟರಲ್ಲೇ ಪಾರಾದ. ಇದೇ ಓಟದಲ್ಲಿ 2022ರಲ್ಲಿ ಯುವ ಓಟಗಾರರೊಬ್ಬರು ದಾರಿಯಲ್ಲೇ ಕುಸಿದು ಪ್ರಾಣ ಕಳೆದುಕೊಂಡರು.

ನಾನು ಓಟದ ವಿರೋಧಿಯಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ನಮ್ಮ ಯುವಕರು ಮೊಬೈಲ್ ಬದಿಗಿಟ್ಟು ಬೂಟು ಕಟ್ಟುವುದನ್ನು ನೋಡಿದರೆ ಸಂತೋಷವಾಗುತ್ತದೆ. ನನ್ನ ಮಾತು ಇಷ್ಟೇ: ಕಠಿಣವಾದ ಗುಡ್ಡದ ಓಟಕ್ಕೆ ಮೊದಲ ಬಾರಿ ಹೋಗುವವರು ನಾಲ್ಕು ತಿಂಗಳ ತಯಾರಿ ಮಾಡಬೇಕು. ಆಗದಿದ್ದರೆ ಆ ವರ್ಷ ಬಿಟ್ಟುಬಿಡಬೇಕು. ಕಟ್ಟಿದ ಶುಲ್ಕ ಹೋದರೆ ಹೋಗಲಿ.

ಸಾತಾರಾ ಹಿಲ್ ಹಾಫ್ ಮ್ಯಾರಥಾನ್ 2012ರಲ್ಲಿ ಆರಂಭವಾಯಿತು. ಸಂಕೇಶ್ವರದಲ್ಲಿ ಹೆದ್ದಾರಿ ಹಿಡಿದರೆ ಕೊಲ್ಲಾಪುರ ದಾಟಿ ಮೂರ್ನಾಲ್ಕು ಗಂಟೆಯ ದಾರಿ. ಅದಕ್ಕೇ ನಮ್ಮ ಕಡೆಯವರಿಗೆ ಅದು ಹತ್ತಿರದ ದೊಡ್ಡ ಓಟ. ಊರಿನಿಂದ ಹೊರಟು ಯವತೇಶ್ವರ ಘಾಟ್ ಏರಿ, ಕಾಸ್ ಪಠಾರದ ದಾರಿಯಲ್ಲಿ ಸಾಗಿ, ಅದೇ ದಾರಿಯಲ್ಲಿ ಮರಳಬೇಕು. ಒಟ್ಟು 21.1 ಕಿಲೋಮೀಟರ್. ಮೊದಲರ್ಧ ಬಹುತೇಕ ಏರು, ಉಳಿದರ್ಧ ಬಹುತೇಕ ಇಳಿಜಾರು. ಮಳೆಗಾಲದ ಕೊನೆಯ ದಿನಗಳಾದ್ದರಿಂದ ಮಳೆ, ಮಂಜು, ಒದ್ದೆ ರಸ್ತೆ ಎಲ್ಲವೂ ಇರಬಹುದು.

ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಪುರುಷರು ಓಡಬೇಕಾದದ್ದು 1600 ಮೀಟರ್, ಅದೂ ಸಪಾಟು ಮೈದಾನದಲ್ಲಿ, ಆರೂವರೆ ನಿಮಿಷದೊಳಗೆ. 21.1 ಕಿಲೋಮೀಟರ್ ಎಂದರೆ ಅದರ ಹದಿಮೂರು ಪಟ್ಟಿಗಿಂತ ಹೆಚ್ಚು. ಅಲ್ಲಿ ವೇಗ ಬೇಕು, ಇಲ್ಲಿ ತಾಳ್ಮೆ ಬೇಕು. ಭರ್ತಿಯ ವೇಗದಲ್ಲಿ ಘಾಟಿಗೆ ನುಗ್ಗಿದವನು ಮೂರನೆಯ ಕಿಲೋಮೀಟರಿನಲ್ಲೇ ಸೊಂಟ ಹಿಡಿದು ನಿಲ್ಲುತ್ತಾನೆ.

ಮೊದಲು ವೈದ್ಯರ ಬಳಿಗೆ

ಬೂಟಿಗೆ ಸಾವಿರಾರು ರೂಪಾಯಿ ಸುರಿಯುವವರು ಒಂದು ಇಸಿಜಿಗೆ ಹಿಂದೆಮುಂದೆ ನೋಡುತ್ತಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ಕರ್ನಾಟಕ ಎದೆ ಮುಟ್ಟಿಕೊಂಡಿತ್ತು. ಕೆಲವು ವಾರ ಆಸ್ಪತ್ರೆಗಳಲ್ಲಿ ತಪಾಸಣೆಗೆ ಸಾಲು ನಿಂತಿತು, ಆಮೇಲೆ ಮರೆತೆವು.

ಮೂವತ್ತೈದು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಬೀಡಿ, ಸಿಗರೇಟು, ಗುಟ್ಕಾ ಅಭ್ಯಾಸವಿರುವವರು ತಯಾರಿಗೆ ಮುನ್ನವೇ ವೈದ್ಯರನ್ನು ಕಾಣಬೇಕು. ಮನೆತನದಲ್ಲಿ ಯಾರಾದರೂ ಐವತ್ತರೊಳಗೆ ಹಠಾತ್ತನೆ ತೀರಿಕೊಂಡಿದ್ದರೆ ಇಪ್ಪತ್ತರ ಹುಡುಗರೂ ಹೋಗಬೇಕು. ಒಂದು ಇಸಿಜಿ ಸರಿಯಾಗಿದೆ ಎಂದ ಮಾತ್ರಕ್ಕೆ ಹೃದಯ ಪೂರ್ತಿ ಸರಿಯಾಗಿದೆ ಎಂದರ್ಥವಲ್ಲ. ಟ್ರೆಡ್‌ಮಿಲ್ ಪರೀಕ್ಷೆ ಅಥವಾ ಎಕೋ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಓಡುವಾಗ ಸಕ್ಕರೆ ಅಂಶ ದಿಢೀರನೆ ಕುಸಿಯಬಹುದು. ಪ್ರಮಾಣವನ್ನು ವೈದ್ಯರೊಡನೆ ಮಾತಾಡಿಯೇ ಬದಲಿಸಬೇಕು.

ಅಭ್ಯಾಸದಲ್ಲಿ ಎದೆ ಬಿಗಿಯುವುದು, ನೋವು ದವಡೆಗೋ ಎಡಗೈಗೋ ಹರಡುವುದು, ಕಣ್ಣು ಕತ್ತಲೆ ಬರುವುದು, ಎಂದಿಗಿಂತ ಬೇರೆ ಥರ ಏದುಸಿರು ಬರುವುದು ಕಂಡರೆ ಅಲ್ಲೇ ನಿಲ್ಲಿ. “ಗ್ಯಾಸ್ ಆಗಿರಬೇಕು” ಎಂದು ಸೋಡಾ ಕುಡಿದು ಮಲಗಬೇಡಿ. ಪುನೀತ್ ಹೆಸರಿನಲ್ಲಿ 2023ರಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯಡಿ ಹೃದಯಾಘಾತಕ್ಕೆ ತುರ್ತಾಗಿ ಬೇಕಾದ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಆದರೆ ಅದು ಫಲಿಸುವುದು ಬೇಗ ತಲುಪಿದವರಿಗೆ ಮಾತ್ರ.

ನಾಲ್ಕು ತಿಂಗಳ ಲೆಕ್ಕ

ಮೊದಲ ತಿಂಗಳು ವಾರಕ್ಕೆ ಮೂರು ದಿನ, ಅರ್ಧದಿಂದ ಮುಕ್ಕಾಲು ಗಂಟೆ, ಸಪಾಟು ನೆಲದ ಮೇಲೆ ಓಟ ಮತ್ತು ನಡಿಗೆ ಬೆರೆಸಿರಿ. ಪಕ್ಕದವರ ಜೊತೆ ಮಾತಾಡುತ್ತ ಓಡಲು ಆಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಇದಕ್ಕೆ ಮೂಡಲಗಿ ಕಡೆಯ ಸಮತಟ್ಟು ರಸ್ತೆಗಳು ಹೇಳಿ ಮಾಡಿಸಿದಂತಿವೆ.

ಎರಡನೆಯ ತಿಂಗಳಿಂದ ವಾರಕ್ಕೊಂದು ದಿನ ಏರು. ಗೋಕಾಕ ಊರು ಜಲಪಾತದ ಕೆಳಮಗ್ಗುಲಲ್ಲಿದೆ. ಘಟಪ್ರಭೆ ಸುಮಾರು 52 ಮೀಟರ್ ಧುಮುಕಿ ಊರಿಗೆ ಬರುತ್ತಾಳೆ. ಹಾಗಾಗಿ ಊರಿನಿಂದ ಫಾಲ್ಸ್ ಕಡೆಗೆ ಹೊರಟವನು ಏರಲೇಬೇಕು. ಹುಕ್ಕೇರಿ ತಾಲೂಕಿನವರಿಗೆ ಸಂಕೇಶ್ವರದ ಬಳಿಯ ವಲ್ಲಭಗಡದ ಗುಡ್ಡ ಇದೆ. ಒಂದೊಂದೂವರೆ ನಿಮಿಷ ಏರಿ, ನಡೆದು ಇಳಿದು, ಮತ್ತೆ ಏರಿ. ನಾಲ್ಕು ಬಾರಿಯಿಂದ ಆರಂಭಿಸಿ ಎಂಟಕ್ಕೆ ಹೋಗಿ. ಭಾನುವಾರದ ಉದ್ದನೆಯ ಓಟವನ್ನು ಎಂಟು ಕಿಲೋಮೀಟರಿನಿಂದ ನಿಧಾನವಾಗಿ ಬೆಳೆಸಿ, ನಾಲ್ಕನೆಯ ತಿಂಗಳ ಮೊದಲಲ್ಲಿ ಹದಿನೇಳು–ಹದಿನೆಂಟಕ್ಕೆ ಮುಟ್ಟಿಸಿ. ಕೊನೆಯ ಎರಡು ವಾರ ಓಟ ಅರ್ಧಕ್ಕೆ ಇಳಿಸಿ, ನಿದ್ದೆ ಹೆಚ್ಚಿಸಿ.

ಬೆಳಕು ಹರಿಯುವ ಮುನ್ನ ಓಡುವವರು ಬಿಳಿ ಅಂಗಿ ತೊಟ್ಟು, ಎದುರು ಬರುವ ವಾಹನ ಕಾಣುವಂತೆ ಬಲಗಡೆ ಓಡಬೇಕು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ದೀಪವೇ ಇರುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಮಳೆಗಾಲದಲ್ಲಿ ಫಾಲ್ಸ್ ಸಮೀಪದ ಪಾಚಿ ಹಿಡಿದ ಬಂಡೆಗಳ ಮೇಲೆ ಓಡುವ ಹುಚ್ಚು ಬೇಡ. ರಂಝಾನಿನ ಉಪವಾಸದ ಹೊತ್ತಿನಲ್ಲಿ ಉದ್ದನೆಯ ಓಟ ಬೇಡ. ಇಫ್ತಾರ್ ಆಗಿ ಒಂದೆರಡು ಗಂಟೆಯ ನಂತರ ಹಗುರವಾದ ಓಟ ಸಾಕು. ಜ್ವರ ಬಂದಾಗ ಬೆವರು ಹರಿಸಿದರೆ ಹೋಗುತ್ತದೆ ಎಂಬುದು ಅಪಾಯದ ಮಾತು. ಕೆಲವು ವೈರಾಣು ಜ್ವರಗಳು ಹೃದಯದ ಸ್ನಾಯುವಿಗೂ ಊತ ತರುತ್ತವೆ. ಪೂರ್ತಿ ಗುಣವಾಗುವವರೆಗೆ ಓಡಬೇಡಿ.

ಪೆಟ್ಟು ಬೀಳುವುದು ಇಳಿಜಾರಿನಲ್ಲಿ

ಹೊಸಬರು ಏರನ್ನು ನೆನೆದು ಹೆದರುತ್ತಾರೆ, ಇಳಿಜಾರನ್ನು ನೆನೆದು ಹಿಗ್ಗುತ್ತಾರೆ. ಆದರೆ ದೇಹದ ಲೆಕ್ಕ ಬೇರೆ. ಏರುವಾಗ ಉಸಿರು ಸೋಲುತ್ತದೆ, ನಿಂತರೆ ಮರಳುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಪ್ರತಿ ಹೆಜ್ಜೆಗೂ ಬ್ರೇಕಿನಂತೆ ಕೆಲಸ ಮಾಡಬೇಕು. ಎಳೆದು ಉದ್ದವಾಗುತ್ತಲೇ ಭಾರ ತಡೆಯುವ ಈ ಕೆಲಸದಲ್ಲಿ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ಅದರ ನೋವು ಅಂದೇ ಕಾಣುವುದಿಲ್ಲ, ಒಂದೆರಡು ದಿನ ಬಿಟ್ಟು ಹೆಚ್ಚಾಗುತ್ತದೆ. ನಮ್ಮ ಹುಡುಗ ಮೆಟ್ಟಿಲ ಮೇಲೆ ಕಂಡದ್ದು ಇದನ್ನೇ.

ಒಮ್ಮೆ ಸ್ವಲ್ಪ ಇಳಿಜಾರಿನಲ್ಲಿ ಓಡಿದ ಸ್ನಾಯು ಮುಂದಿನ ಹಲವು ವಾರ ಅಂಥದೇ ಪೆಟ್ಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಹಾಗಾಗಿ ಮೊದಲು ಐದೇ ನಿಮಿಷ ಸಣ್ಣ ಇಳಿಜಾರಿನಲ್ಲಿ ಓಡಿ. ಹತ್ತು ದಿನಕ್ಕೊಮ್ಮೆ ಹೆಚ್ಚಿಸಿ. ಕೊನೆಯ ಕಡಿದಾದ ಇಳಿತ ಓಟಕ್ಕೆ ಎರಡು ವಾರ ಮೊದಲೇ ಮುಗಿಯಲಿ. ಹೆಜ್ಜೆ ಚಿಕ್ಕದಿರಲಿ, ಮಂಡಿ ಕೊಂಚ ಬಾಗಿರಲಿ, ಹಿಮ್ಮಡಿ ಊರಿ ಹಿಂದಕ್ಕೆ ವಾಲಬೇಡಿ. ವಾರಕ್ಕೆರಡು ದಿನ ಮನೆಯ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ ಮಾಡಿ. ಇದಕ್ಕೆ ಜಿಮ್ಮಿನ ಶುಲ್ಕ ಬೇಕಿಲ್ಲ.

ನೋವಿನ ಮಾತ್ರೆ ನುಂಗಿ ಓಡುವುದನ್ನು ಮಾತ್ರ ಯಾರೂ ಮಾಡಬಾರದು. ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ. ಓಟದ ನಂತರ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಕರಗಿದ ಗುರುತಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕರದಂಟು ಯಾವಾಗ?

“ನಮ್ಮೂರ ಕರದಂಟಿಗಿಂತ ಬೇರೆ ಶಕ್ತಿ ಬೇಕೇ?” ಎಂದು ಗೋಕಾಕದವರು ಕೇಳುವುದು ಸಹಜ. ಅಂಟು, ಬೆಲ್ಲ, ಕೊಬ್ಬರಿ, ಒಣಹಣ್ಣು ಸೇರಿದ ಅದು ನಿಜಕ್ಕೂ ಶಕ್ತಿಯ ಗಣಿ. ಆದರೆ ಅದರಲ್ಲಿನ ಕೊಬ್ಬಿನಂಶ ಜೀರ್ಣವಾಗಲು ಹೊತ್ತು ಹಿಡಿಯುತ್ತದೆ. ಓಡುವಾಗ ಹೊಟ್ಟೆಯಲ್ಲಿ ಕಲ್ಲು ಇಟ್ಟಂತಾಗುತ್ತದೆ. ಕರದಂಟು ಓಟ ಮುಗಿದ ಮೇಲೆ ತಿನ್ನಿ. ಓಡುವಾಗ ಅರ್ಧ–ಮುಕ್ಕಾಲು ಗಂಟೆಗೊಮ್ಮೆ ಮೂರ್ನಾಲ್ಕು ಖರ್ಜೂರ, ಬಾಳೆಹಣ್ಣು ಅಥವಾ ಬೆಲ್ಲದ ತುಣುಕು ಸಾಕು. ಹಿಂದಿನ ರಾತ್ರಿ ದಾವತ್ತಿನ ಬಿರಿಯಾನಿ ಬೇಡ. ಅನ್ನವೋ ಚಪಾತಿಯೋ, ಖಾರವಿಲ್ಲದ ಪಲ್ಯದ ಜೊತೆ ಹೊಟ್ಟೆ ಹಗುರವಾಗಿರಲಿ.

ನೀರನ್ನು ದಾಹಕ್ಕೆ ತಕ್ಕಷ್ಟು ಕುಡಿಯಿರಿ. ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಜ್ಞೆ ತಪ್ಪಬಹುದು. ಒಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಪಾದದ ಶುಚಿತ್ವ

ಇಳಿಜಾರಿನಲ್ಲಿ ಬೆರಳುಗಳು ಬೂಟಿನ ಮುಂಭಾಗಕ್ಕೆ ಬಡಿಯುತ್ತವೆ. ಮುಂದೆ ಹೆಬ್ಬೆರಳಗಲ ಜಾಗವಿರುವ, ಅಡಿ ಸವೆಯದ ಬೂಟು ಬೇಕು. ಅದನ್ನು ಅಭ್ಯಾಸದಲ್ಲೇ ಪಳಗಿಸಿರಬೇಕು. ಉಗುರುಗಳನ್ನು ಮೂರು ದಿನ ಮೊದಲೇ ನೇರವಾಗಿ ಕತ್ತರಿಸಿ. ವುಝೂ ಮಾಡಿ ಒದ್ದೆ ಕಾಲಿಗೇ ಸಾಕ್ಸ್ ಏರಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಬೆರಳ ಸಂದಿ ಒರೆಸಿಕೊಳ್ಳದಿದ್ದರೆ ಗುಳ್ಳೆ, ಬೂಸು ಎರಡೂ ಬರುತ್ತವೆ. ಬೆವರಿದ ಸಾಕ್ಸ್ ಮರುದಿನಕ್ಕೆ ಬೇಡ. ತೊಡೆ ಉಜ್ಜುವ ಜಾಗಕ್ಕೆ ವ್ಯಾಸ್ಲಿನ್ ಸವರಿ.

ಹೆಣ್ಣುಮಕ್ಕಳನ್ನು ತಡೆಯಬೇಡಿ

ಮಂಡಿನೋವು, ಸಕ್ಕರೆ ಕಾಯಿಲೆ, ಮೈಭಾರ ನಮ್ಮ ಹೆಂಗಸರನ್ನು ನಲವತ್ತರೊಳಗೇ ಹಿಡಿಯುತ್ತಿವೆ. ಆದರೂ ಮಗಳು ಓಡುತ್ತೇನೆಂದರೆ “ಜನ ಏನಂದಾರು” ಎನ್ನುತ್ತೇವೆ. ಮೈ ಮುಚ್ಚುವ ಸಡಿಲವಾದ, ಬೇಗ ಒಣಗುವ ಬಟ್ಟೆ ಮತ್ತು ಬಿಗಿಯಾಗಿ ನಿಲ್ಲುವ ತಲೆವಸ್ತ್ರ ತೊಟ್ಟು ಚೆನ್ನಾಗಿ ಓಡಬಹುದು. ತಂದೆಯೋ ಅಣ್ಣನೋ ಜೊತೆಗೆ ಹೆಜ್ಜೆ ಹಾಕಿದರೆ ಇಬ್ಬರ ಆರೋಗ್ಯವೂ ಸುಧಾರಿಸುತ್ತದೆ.

ಓಟದ ದಿನ

ಮೊದಲ ಐದು ಕಿಲೋಮೀಟರ್ ಎಲ್ಲರೂ ನಿಮ್ಮನ್ನು ದಾಟಿ ಹೋಗಲಿ, ಬಿಡಿ. ಕಡಿದಾದ ಏರಿನಲ್ಲಿ ನಡೆಯಿರಿ. ಅನುಭವಿಗಳೂ ನಡೆಯುತ್ತಾರೆ. ಆಯೋಜಕರ ಸಮಯದ ಮಿತಿ ಓದಿಕೊಂಡು ಅದರೊಳಗೆ ಮುಗಿಸುವುದಷ್ಟೇ ಗುರಿಯಾಗಿರಲಿ. ಹೆಸರಿನ ಚೀಟಿಯ ಹಿಂದೆ ಮನೆಯವರ ಫೋನ್ ನಂಬರ್, ರಕ್ತದ ಗುಂಪು, ಇರುವ ಕಾಯಿಲೆ ಬರೆದಿಡಿ. ಪಕ್ಕದವನು ಕುಸಿದು ಬಿದ್ದು ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಕೈ ಊರಿ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು ಎರಡು ಇಂಚು ಆಳಕ್ಕೆ ಒತ್ತುತ್ತಲೇ ಇರಿ. ನಿಮ್ಮ ಸಮಯ ಹಾಳಾಗುತ್ತದೆ ಎಂದು ದಾಟಿ ಹೋಗಬೇಡಿ.

ನಡುವೆ ಮೈ ಒಲ್ಲೆ ಎಂದರೆ ನಿಲ್ಲಿ. ಗುಡ್ಡ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ನಮ್ಮ ಓಣಿಯ ಹುಡುಗ ಈ ಸಲ ಮೂರು ತಿಂಗಳಿಂದ ಫಾಲ್ಸ್ ರಸ್ತೆಯಲ್ಲಿ ಓಡುತ್ತಿದ್ದಾನೆ, ಇಸಿಜಿ ಕೂಡ ಮಾಡಿಸಿದ್ದಾನೆ. “ಈ ಸಲ ಟೈಮ್ ಎಷ್ಟು?” ಎಂದು ಕೇಳಿದೆ. “ಟೈಮ್ ಬಿಡ್ರಿ ಚಾಚಾ, ಮರುದಿನ ಮೆಟ್ಟಲಾ ನಾನs ಇಳೀಬೇಕು” ಅಂದ.