ಬರುವುದಿಲ್ಲವೆಂದು ಒಂದು ಫೋನ್ ಮಾಡಿ

ಕಳೆದ ಶನಿವಾರ ಹೊಸೂರಿನಿಂದ ನಾವು ಆರು ಮಂದಿ ಬೆಂಗಳೂರಿಗೆ ಹೋಗಿದ್ದೆವು. ನಮ್ಮಲ್ಲೊಬ್ಬನಿಗೆ ಮೊದಲ ಸಂಬಳ ಬಂದಿತ್ತು. ಅಪ್ಪ-ಅಮ್ಮನಿಗೆ ದೊಡ್ಡ ರೆಸ್ಟೋರೆಂಟಿನಲ್ಲಿ ಊಟ ಕೊಡಿಸುವ ಆಸೆ ಅವನಿಗೆ. ಸಂಜೆ ಫೋನ್ ಮಾಡಿದರೆ, ‘ಟೇಬಲ್ ಇಲ್ಲ, ಬೇಕಾದರೆ ಬಂದು ಕಾಯಿರಿ’ ಎಂದರು. ಬಾಗಿಲಲ್ಲಿ ಒಂದೂವರೆ ಗಂಟೆ ನಿಂತೆವು. ಅವನ ಅಮ್ಮ ಹೊಸ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಗಾಜಿನಾಚೆ ಬುಕ್ ಆಗಿದ್ದ ಎರಡು ಟೇಬಲ್ ಖಾಲಿಯೇ ಇದ್ದವು.

ಹೋಟೆಲಿನವರನ್ನು ಬೈದೆವು. ಆಮೇಲೆ ನೆನಪಾಯಿತು: ಡಿಸೆಂಬರಿನಲ್ಲಿ ನಾವೇ ಮೂರು ಕಡೆ ಬುಕ್ ಮಾಡಿ ಒಂದು ಕಡೆ ಮಾತ್ರ ಹೋಗಿದ್ದೆವು. ದುಡ್ಡು ಕೊಡುವ ಹಾಗಿರಲಿಲ್ಲವಲ್ಲ!

ನ್ಯೂಯಾರ್ಕ್ ರಾಜ್ಯದಲ್ಲಿ ಹೀಗೆ ಹಿಡಿದ ಟೇಬಲ್‌ಗಳನ್ನು ಮಾರುವ ವ್ಯಾಪಾರವೇ ಬೆಳೆದು, ರೆಸ್ಟೋರೆಂಟಿನ ಒಪ್ಪಿಗೆಯಿಲ್ಲದೆ ವೆಬ್‌ಸೈಟ್‌ಗಳು ಮಾರಬಾರದೆಂದು 2024ರಲ್ಲಿ ಕಾನೂನು ಬಂತು. ನಾವು ಮಾರಲಿಲ್ಲ, ನಿಜ. ಆದರೆ ಬೇರೆಯವರ ಜಾಗ ಹಿಡಿದಿಟ್ಟೆವು. ಕೆಲವು ಕಡೆ ಮುಂಗಡ ಕೇಳುತ್ತಾರೆಂದು ಗೊಣಗುತ್ತೇವೆ. ನಮ್ಮಂಥವರಿಗೆ ಅದು ಸರಿಯೇ. ರದ್ದು ಮಾಡಲು ಅರ್ಧ ನಿಮಿಷ ಸಾಕು.

ಆ ರಾತ್ರಿ ಒಂಬತ್ತೂಕಾಲಿಗೆ ಯಾರೋ ಪುಣ್ಯಾತ್ಮರು ಬರುವುದಿಲ್ಲವೆಂದು ಫೋನ್ ಮಾಡಿದರಂತೆ. ಅಮ್ಮ ಸೀರೆ ಕೊಡವಿಕೊಂಡು ಎದ್ದರು.