ನ್ಯಾಯಸ್ಥಾನವೂ ನೋಟಕರೂ

ಕೊಲೆಯ ಮೊಕದ್ದಮೆಗಳಲ್ಲಿ ಜನರು ತೋರುವ ಆಸಕ್ತಿಯನ್ನು ಕೀಳು ಚಪಲವೆಂದು ಹಳಿಯುವವರುಂಟು. ಈ ಮಾತು ಸಮಂಜಸವಾದುದಲ್ಲ. ನ್ಯಾಯಸ್ಥಾನದ ಬಾಗಿಲು ಸಾರ್ವಜನಿಕರಿಗೆ ತೆರೆದಿರಬೇಕೆಂಬುದು ಕಾನೂನಿನ ವಿಧಿಯೇ ಆಗಿದೆ. ಮುಚ್ಚಿದ ಬಾಗಿಲಿನ ಹಿಂದೆ ದಿಕ್ಕಿಲ್ಲದವನಿಗೆ ನ್ಯಾಯ ದೊರೆಯಿತೋ ಇಲ್ಲವೋ ಎಂಬುದನ್ನು ಬಲ್ಲವರಾರು? ಜನರು ನೋಡುವುದು ದೋಷವಲ್ಲ. ನೋಡುವುದಕ್ಕೆ ಮುಂಚೆಯೇ ತೀರ್ಪು ಕೊಡುವುದು ದೋಷ.

ಮುಂಬಯಿಯ ನಾನಾವತಿ ಮೊಕದ್ದಮೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ. 1959ನೆಯ ಇಸವಿ ಏಪ್ರಿಲ್ 27ರಂದು, ನೌಕಾದಳದ ಕಮಾಂಡರ್ ಕೆ. ಎಂ. ನಾನಾವತಿಯವರ ರಿವಾಲ್ವರಿನ ಗುಂಡುಗಳಿಂದ ಪ್ರೇಮ್ ಅಹೂಜಾ ಎಂಬ ವ್ಯಾಪಾರಿಗಳು ತಮ್ಮ ಮನೆಯಲ್ಲಿಯೇ ಹತರಾದರು. ನಾನಾವತಿಯವರ ಪತ್ನಿಗೂ ಅಹೂಜರಿಗೂ ಸಂಬಂಧವಿದ್ದುದು ಇದಕ್ಕೆ ಕಾರಣವಾಗಿತ್ತು. ‘ಬ್ಲಿಟ್ಸ್’ ವಾರಪತ್ರಿಕೆಯು ಆಪಾದಿತರ ಪಕ್ಷವನ್ನು ಬಹಿರಂಗವಾಗಿ ವಹಿಸಿತು. ಒಂದೆಡೆ ದೇಶರಕ್ಷಕನಾದ ಅಧಿಕಾರಿ, ಇನ್ನೊಂದೆಡೆ ಪರಸ್ತ್ರೀಲೋಲನಾದ ಧನಿಕ: ಜನರಿಗೆ ಇಷ್ಟೇ ಸಾಕಾಯಿತು. ಒಂಬತ್ತು ಮಂದಿ ಜ್ಯೂರಿಯವರಲ್ಲಿ ಎಂಟು ಮಂದಿ ನಿರ್ದೋಷಿಯೆಂದರು. ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಮೊಕದ್ದಮೆಯನ್ನು ಹೈಕೋರ್ಟಿಗೆ ಒಪ್ಪಿಸಿದರು.

ಜನರು ಸಮವಸ್ತ್ರವನ್ನು ಕಂಡರು. ಮೇಲಿನ ನ್ಯಾಯಾಲಯಗಳು ಗಡಿಯಾರವನ್ನು ನೋಡಿದವು. ನಾನಾವತಿಯವರು ಮನೆ ಬಿಟ್ಟುದು ಮಧ್ಯಾಹ್ನ ಒಂದೂವರೆ ಗಂಟೆಗೆ. ಹೆಂಡತಿ ಮಕ್ಕಳನ್ನು ಸಿನಿಮಾ ಮಂದಿರದಲ್ಲಿ ಇಳಿಸಿ, ಹಡಗಿಗೆ ಹೋಗಿ ರಿವಾಲ್ವರನ್ನೂ ಆರು ಗುಂಡುಗಳನ್ನೂ ಪಡೆದು, ಅಹೂಜರ ಕಚೇರಿಗೆ ಹೋಗಿ, ಅಲ್ಲಿಂದ ಅವರ ಮನೆಗೆ ನಡೆದರು. ಆಗ ಗಂಟೆ 4-20. ಇದು ಥಟ್ಟನೆ ಕೆರಳಿದ ಕೋಪದ ಕೃತ್ಯವೆನ್ನುವುದೆಂತು? ಹೈಕೋರ್ಟು 1960ರಲ್ಲಿ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಸುಪ್ರೀಂ ಕೋರ್ಟು 1961ರಲ್ಲಿ ಅದನ್ನು ಎತ್ತಿಹಿಡಿಯಿತು. 1964ರಲ್ಲಿ ರಾಜ್ಯಪಾಲರ ಕ್ಷಮಾದಾನ ದೊರೆಯಿತು. ಅದು ದಯೆಯ ವಿಷಯ. ಅದರಿಂದ ಸತ್ತವರ ಪ್ರಾಣ ಅಗ್ಗವಾಗಲಿಲ್ಲ, ತೀರ್ಪು ಸುಳ್ಳಾಗಲಿಲ್ಲ.

1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ. ಆದರೆ ಅದು ನಿಜವಾಗಿ ಹೋಯಿತೇ? ಇಂದು ಮನೆಮನೆಯ ಹಜಾರದಲ್ಲಿಯೂ ದೂರದರ್ಶನದ ಮುಂದೆ ಜ್ಯೂರಿ ಕುಳಿತಿದೆ. ಹಳೆಯ ಜ್ಯೂರಿಯವರು ಪ್ರಮಾಣ ಮಾಡಿ ಸಾಕ್ಷ್ಯವನ್ನಾದರೂ ಕೇಳುತ್ತಿದ್ದರು. ಈ ಹೊಸಬರಿಗೆ ಎರಡೂ ಬೇಕಿಲ್ಲ. 2020ರಲ್ಲಿ ಮುಂಬಯಿಯ ಚಲನಚಿತ್ರ ನಟರೊಬ್ಬರು ತೀರಿಕೊಂಡಾಗ, ತನಿಖೆ ಮುಗಿಯುವ ಮೊದಲೇ ಅಪರಾಧಿಗಳ ಹೆಸರನ್ನು ಸಾರಲಾಯಿತು. ತನಿಖೆಯ ಕಾಲದಲ್ಲಿ ಮಾಧ್ಯಮಗಳು ನಡೆಸುವ ಇಂತಹ ವಿಚಾರಣೆಯು ನ್ಯಾಯದಾನಕ್ಕೆ ಅಡ್ಡಿಯೆಂದು ಮುಂಬಯಿ ಹೈಕೋರ್ಟು 2021ರ ಜನವರಿಯಲ್ಲಿ ಹೇಳಬೇಕಾಯಿತು.

ಜನರ ಕೂಗಿಲ್ಲದಿದ್ದರೆ ಎಷ್ಟೋ ಅಪರಾಧಗಳು ಮಣ್ಣುಪಾಲಾಗುತ್ತಿದ್ದುವೆಂದು ಕೆಲವರು ವಾದಿಸುವರು. ನಿಜವೇ. ಆದರೆ ವಿಚಾರಣೆ ನಡೆಯಲಿ ಎಂದು ಕೂಗುವುದು ಬೇರೆ, ಇಂತಹವನೇ ಅಪರಾಧಿಯೆಂದು ಕೂಗುವುದು ಬೇರೆ. ಮೊದಲನೆಯದು ನ್ಯಾಯವನ್ನು ಎಬ್ಬಿಸುವುದು. ಎರಡನೆಯದು ಅದರ ಕತ್ತು ಹಿಸುಕುವುದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಹಿರಿಯರು ಹೇಳಿದರು. ಕಾಣದುದನ್ನೇ ಪ್ರಮಾಣವೆಂದು ನಂಬುವ ವಿದ್ಯಾವಂತರಿಗೆ ಈ ಮಾತು ಹೊಸದಾಗಿ ತೋರೀತು. ಬಂಧನದ ದಿನ ಪತ್ರಿಕೆಯ ಮೊದಲನೆಯ ಪುಟವನ್ನು ಓದಿದವರು ಬಿಡುಗಡೆಯ ದಿನ ಒಳಪುಟದ ಮೂಲೆಯನ್ನೂ ಹುಡುಕಿ ಓದಲಿ. ಅಷ್ಟು ತಾಳ್ಮೆಯಿಲ್ಲದವರ ಆಸಕ್ತಿಗೆ ನ್ಯಾಯಪ್ರೇಮವೆಂಬ ಹೆಸರು ಸಲ್ಲದು.